ಜಟ್ಟೆಪ್ಪ ‘ನಂದು’ ಅಂದದ್ದು

ನಮ್ಮೂರು ಎಲ್ಲಿದೆ ಅಂತ ಕೇಳಬೇಡಿ. ಹುಡುಕಿಕೊಂಡು ಬಂದವರು ಯಾರೂ ವಾಪಸು ಹೋಗಿಲ್ಲ. ಹೆದರುವಂಥದ್ದೇನಿಲ್ಲ, ಊಟ ಅಷ್ಟು ಚೆನ್ನಾಗಿರುತ್ತದೆ. ನಮ್ಮ ಹೊಳೆಯ ಮೀನುಗಳು ಉಪ್ಪು ಖಾರ ಹಚ್ಚಿಕೊಂಡೇ ದಡಕ್ಕೆ ಬರುತ್ತವೆ. ನಮ್ಮ ಗೋಡೆಗಳ ಬಿಳುಪು ನೋಡಿ ಹುಣ್ಣಿಮೆಯ ಚಂದ್ರ ನಾಚಿಕೊಂಡು ಮೋಡ ಎಳೆದುಕೊಳ್ಳುತ್ತಾನೆ. ನಮ್ಮ ಕಮಾನುಗಳ ಮೇಲೆ ಸಾವಿರ ಆನೆ ಒಟ್ಟಿಗೆ ಕುಣಿದರೂ ಒಂದು ಹರಳು ಉದುರುವುದಿಲ್ಲ. ಆನೆಗಳು ಸಿಗದೆ ಇದನ್ನು ಇನ್ನೂ ಪರೀಕ್ಷೆ ಮಾಡಿ ನೋಡಿಲ್ಲ, ಅಷ್ಟೆ.

ಈ ಕಮಾನಿನ ವಿದ್ಯೆ ನಮಗೆ ಬಂದದ್ದು ರೋಮಜ್ಜನಿಂದ. ಅವನು ಎಷ್ಟೋ ಕಾಲದ ಹಿಂದೆ ಮೆಣಸು ಕೊಳ್ಳಲು ಹಡಗು ಹತ್ತಿ, ಹಡಗು ಒಡೆದು, ಒಂದು ಹಲಗೆಯ ಮೇಲೆ ಕೂತು ನಮ್ಮ ಹೊಳೆಯಲ್ಲಿ ನೀರಿಗೆ ಎದುರಾಗಿ ತೇಲಿ ಬಂದವನು. ಯಾವ ಊರಪ್ಪ ನಿಂದು ಅಂತ ನಮ್ಮ ಹಿರಿಯರು ಕೇಳಿದ್ದಕ್ಕೆ ಎದೆ ತಟ್ಟಿಕೊಂಡು "ರೋಮ, ರೋಮ" ಅಂದನಂತೆ. ಎದೆಯ ತುಂಬ ಕರಡಿಯ ಹಾಗೆ ಕೂದಲು. "ಅದು ಕಾಣಿಸ್ತಾ ಇದೆ, ಊರು ಹೇಳು" ಅಂದರಂತೆ ಇವರು. ಅವನು ಇಲ್ಲೇ ಉಳಿದ. ಮುದ್ದೆ ನುಂಗುವುದು ಕಲಿತ, ಕನ್ನಡವನ್ನೂ ಅರೆಬರೆ ಕಲಿತ. ಅರೆಬರೆಯಾದರೇನು, ಬಾಯಿ ತೆರೆದರೆ ನೀತಿ. ಕಮಾನು ಕಟ್ಟುವುದೂ ಗೆಳೆತನ ಕಟ್ಟುವುದೂ ಒಂದೇ ಕಸುಬು ಅನ್ನುತ್ತಿದ್ದ; ಎರಡು ಕಡೆಯ ಕಲ್ಲೂ ಒಂದರ ಮೇಲೊಂದು ಬೀಳಲು ಹೋಗಿಯೇ ಎರಡೂ ನಿಲ್ಲುತ್ತವಂತೆ. ಗೆಳೆಯನಿಂದ ಹೊಲಸು ಕೆಲಸ ಕೇಳಬೇಡ, ಅವನು ಕೇಳಿದರೂ ಮಾಡಬೇಡ ಅನ್ನುತ್ತಿದ್ದ. ಯಾರಾದರೂ ತಪ್ಪು ಮಾಡಿ, ಗೆಳೆಯನಿಗೋಸ್ಕರ ಮಾಡಿದೆ ಅಂತ ನೆಪ ಹೇಳಿದರೆ ರೋಮಜ್ಜನಿಗೆ ಮೈಯ ರೋಮವೆಲ್ಲ ಮುಳ್ಳುಹಂದಿಯ ಹಾಗೆ ನಿಮಿರಿ, ಹತ್ತಿರ ನಿಂತವರಿಗೆ ಚುಚ್ಚುತ್ತಿತ್ತಂತೆ.

ದೀಪದ ಪದ್ಧತಿಯನ್ನು ಅವನೇ ತಂದನೋ, ಅದು ಮೊದಲೇ ಇತ್ತೋ, ಈ ವಿಷಯದಲ್ಲಿ ನಮ್ಮಲ್ಲಿ ಎರಡು ಪಂಗಡಗಳಿವೆ. ಎರಡೂ ಸುಳ್ಳು ಹೇಳುತ್ತವೆ. ಪದ್ಧತಿ ಮಾತ್ರ ನಿಜ. ಇಬ್ಬರು ಗೆಳೆಯರಾದರು ಅಂದರೆ ಒಬ್ಬನ ದೀಪ ಇನ್ನೊಬ್ಬನ ಮನೆಯ ಗೂಡಿನಲ್ಲಿರಬೇಕು. ಸಂಜೆ ಹಚ್ಚುವುದು, ಮಲಗುವಾಗ ಊದಿ ಆರಿಸುವುದು. ನಾನೊಂದು ತಪ್ಪು ಮಾಡಿ ಬಾಯಿ ಮುಚ್ಚಿಕೊಂಡೆನೋ, ನಿನ್ನ ಮನೆಯಲ್ಲಿರುವ ನನ್ನ ದೀಪ ಆರುವುದಿಲ್ಲ, ಆರಿದ್ದರೆ ತಾನಾಗೇ ಹೊತ್ತಿಕೊಳ್ಳುತ್ತದೆ. ಊದು, ನೀರು ಸುರಿ, ಒದ್ದೆ ಗೋಣಿ ಹೊದಿಸು, ಎಣ್ಣೆ ತೀರಿದರೂ ಉರಿಯುತ್ತಲೇ ಇರುತ್ತದೆ. ಆಗ ನೀನು ನನ್ನ ಹತ್ತಿರ ಬಂದು, ಮುಖಕ್ಕೆ ಮುಖ ಕೊಟ್ಟು, "ಯಾರದು?" ಅಂತ ಕೇಳಬೇಕು. ಬೇರೆಯವರು ಕೇಳಿದರೆ ನಡೆಯುವುದಿಲ್ಲ. ನಾನು "ನಂದು" ಅನ್ನಬೇಕು. ಇಲ್ಲಿ ನಾನು ಅಂದೆ, ಅಲ್ಲಿ ದೀಪ ನಂದಿತು. ಆಮೇಲೆ ತಪ್ಪನ್ನು ಸರಿ ಮಾಡುವುದು ಹೇಗೆ ಅನ್ನುವುದು ಇಬ್ಬರೂ ಕೂತು ನೋಡಿಕೊಳ್ಳುವ ಕೆಲಸ.

ಜನ ಇದಕ್ಕೆ ಹೊಂದಿಕೊಂಡಿದ್ದಾರೆ. ಹೆಣ್ಣು ಕೊಡುವವರು ಗಂಡಿನ ಮನೆಗೆ ಮೊದಲು ಹೋಗುವುದಿಲ್ಲ, ಗಂಡಿನ ಗೆಳೆಯನ ಮನೆಗೆ ಹೋಗಿ, ನೀರು ಕೇಳುವ ನೆಪದಲ್ಲಿ ಗೂಡಿನ ಕಡೆ ಕಣ್ಣು ಹಾಯಿಸುತ್ತಾರೆ. ಕುಂಬಾರರು ದೀಪ ಮುಚ್ಚುವ ದಪ್ಪ ಮಡಕೆಗಳನ್ನು ಮೊಸರಿನ ಮಡಕೆ ಅಂತ ಹೆಸರಿಟ್ಟು ಮಾರುತ್ತಾರೆ. ತಕ್ಕಡಿಯಲ್ಲಿ ಮೋಸ ಮಾಡುತ್ತಿದ್ದ ಒಬ್ಬ ವ್ಯಾಪಾರಿಯ ಗೆಳೆಯ, ಆರದ ಆ ದೀಪದ ಬೆಳಕಿನಲ್ಲಿ ಹಗಲೂ ರಾತ್ರಿ ಕಂಬಳಿ ನೇದು, ಇಡೀ ಹೊಳೆಗೆ ಹೊದಿಸುವಷ್ಟು ಕಂಬಳಿ ಮಾಡಿದ.

ಜಟ್ಟೆಪ್ಪ ಸುಣ್ಣ ಸುಡುವವನು. ಓಬಳಯ್ಯ ಕಮಾನು ಕಟ್ಟುವವನು. ಇವರ ಗೆಳೆತನ ಎಂಥದ್ದು ಅಂದರೆ ಒಬ್ಬನಿಗೆ ಸೀನು ಬಂದರೆ ಇನ್ನೊಬ್ಬ ಮೂಗು ಒರೆಸಿಕೊಳ್ಳುತ್ತಿದ್ದ. ಓಬಳಯ್ಯನಿಗೆ ಹಲ್ಲುನೋವು ಬಂದಾಗ ಜಟ್ಟೆಪ್ಪ ತನ್ನ ಹಲ್ಲು ಕೀಳಿಸಿಕೊಂಡ ಅಂತ ನಾನು ಊರಿಗೆಲ್ಲ ಹೇಳಿದ್ದೇನೆ, ಒಬ್ಬರೂ ನಂಬಿಲ್ಲ. ಆದರೆ ಜಟ್ಟೆಪ್ಪನ ಬಾಯಲ್ಲಿ ಒಂದು ಹಲ್ಲು ಇಲ್ಲ, ಬೇಕಾದರೆ ನೋಡಿಕೊಂಡು ಬನ್ನಿ. ಈಗ ಹೇಳಲಿರುವುದನ್ನು ಅವನೇ, ಆ ಹಲ್ಲಿಲ್ಲದ ಸಂದಿಯಿಂದ ಗಾಳಿ ಬಿಡುತ್ತಾ, ನನಗೆ ಹೇಳಿದ್ದು.

ಆ ವರ್ಷ ಓಬಳಯ್ಯ ಹೊಳೆಗೆ ಸೇತುವೆ ಕಟ್ಟುತ್ತಿದ್ದ. ಒಂದೇ ಕಮಾನು, ಈ ದಡದಿಂದ ಆ ದಡಕ್ಕೆ. ಗಾರೆಗೆ ಸುಣ್ಣ ಜಟ್ಟೆಪ್ಪನದು. ಕಮಾನು ಕಟ್ಟುವಾಗ ಅಡಿಯಲ್ಲಿ ಮರದ ಅಚ್ಚು ಇರುತ್ತದೆ. ಎರಡು ಕಡೆಯನ್ನೂ ಬಿಗಿಯುವ ನೆತ್ತಿಯ ಬೀಗದ ಕಲ್ಲು ಕೂತು, ಗಾರೆ ಬಿಗಿದ ಮೇಲೆ ಅಚ್ಚು ಕಳಚುತ್ತಾರೆ. ಕಳಚುವಾಗ ಕಟ್ಟಿದವನು ಕಮಾನಿನ ಕೆಳಗೆ ಒಬ್ಬನೇ ನಿಲ್ಲಬೇಕು. ಇದೂ ರೋಮಜ್ಜನ ಕಾಲದಿಂದ ಬಂದದ್ದು. ಹೀಗೆ ನಿಂತು ಯಾರೂ ಸತ್ತಿರಲಿಲ್ಲ, ಯಾಕೆಂದರೆ ನಿಲ್ಲಬೇಕು ಅಂತ ಗೊತ್ತಿದ್ದವನು ಕಲ್ಲನ್ನು ಮೂರು ಸಲ ತಟ್ಟಿ ನೋಡಿ ಇಡುತ್ತಾನೆ.

ಬೀಗದ ಕಲ್ಲು ಕೂತ ಮಾರನೆಯ ಬೆಳಗ್ಗೆ ಜಟ್ಟೆಪ್ಪನ ಹೆಂಡತಿ ಸಂಕವ್ವ ಗಂಡನನ್ನು ಎಬ್ಬಿಸಿದಳು.

"ಏನ್ರೀ, ರಾತ್ರಿಯಿಂದ ಊದ್ತಾ ಇದೀನಿ, ಓಬಳಯ್ಯನ ದೀಪ ಆರ್ತಿಲ್ಲ."

"ಸರಿಯಾಗಿ ಊದಿಲ್ಲ ನೀನು."

"ನಾನು ಊದಿದ ಗಾಳಿಗೆ ಒಲೆ ಬೂದಿಯೆಲ್ಲ ನಿಮ್ಮ ಮೀಸೆ ಮೇಲೆ ಕೂತಿದೆ, ಕನ್ನಡಿ ನೋಡ್ಕೊಳ್ಳಿ."

ಜಟ್ಟೆಪ್ಪ ಎದ್ದು ತಾನೂ ಊದಿದ. ಸುಣ್ಣದ ಭಟ್ಟಿ ಊದುವ ಎದೆ ಅವನದು, ಅವನು ಊದಿದರೆ ಎದುರು ಮನೆಯ ಹೆಂಚು ಹಾರುತ್ತದೆ. ದೀಪ ಅಲುಗಲಿಲ್ಲ. ಬಿಸಿಲು ಬಾಗಿಲೊಳಗೆ ಬಂದು ಗೂಡಿನವರೆಗೂ ಏರಿತು. ಬಿಸಿಲಿನಲ್ಲಿ ಆ ಕುಡಿ ಅರಿಸಿನದ ಚೂರಿನ ಹಾಗೆ ಪೇಲವವಾಗಿ, ನೆಟ್ಟಗೆ ನಿಂತಿತ್ತು. ಜಟ್ಟೆಪ್ಪ ಒಂದು ಮಡಕೆ ತಂದು ಕವುಚಿ ಹಾಕಿದ. ಅಂಚಿನ ಸುತ್ತ ಬೆಳಕು ಒಸರಿತು.

"ಮುಚ್ಚೋದಲ್ಲ, ಹೋಗಿ ಕೇಳಿ" ಅಂದಳು ಸಂಕವ್ವ. "ಕೇಳದೆ ಇರೋದಾದ್ರೆ ದೀಪ ಯಾಕೆ ಇಟ್ಕೊಂಡ್ರಿ, ಚಂದಕ್ಕಾ?"

"ಓಬಳಯ್ಯ ಕಣೇ ಅವನು! ಏನು ಮಾಡಿರ್ತಾನೆ? ಇರುವೆ ತುಳಿದಿರ್ತಾನೆ."

"ಇರುವೆಗೆ ಹಗಲುದೀಪ ಉರಿಯಲ್ಲ."

ಹೊತ್ತು ಇನ್ನಷ್ಟು ಏರುವಷ್ಟರಲ್ಲಿ ಪಕ್ಕದ ಮನೆಯ ದ್ಯಾಮವ್ವ ಬೇಲಿಯ ಮೇಲಿಂದ ಕತ್ತು ಚಾಚಿದಳು. ಅವಳ ಕತ್ತಿಗೆ ಊರಲ್ಲಿ ತಲುಪದ ಅಡುಗೆಮನೆ ಇಲ್ಲ. "ಜಟ್ಟೆಪ್ಪಣ್ಣಾ, ಹಗಲೊತ್ತೇ ನಿಮ್ಮ ಮನೇಲಿ ಚಂದ್ರ ಹುಟ್ಟಿದಾನಲ್ಲ?"

"ಮೊಸರು ಹೆಪ್ಪಾಕಿದೀವಿ ತಾಯಿ."

"ಇಷ್ಟು ಬೆಳಕಿನ ಮೊಸರಾ! ನಂಗೂ ಒಂದು ಬಟ್ಟಲು ಹೆಪ್ಪು ಕೊಡಪ್ಪ, ರಾತ್ರಿ ಎದ್ದಾಗ ದಾರಿ ಕಾಣುತ್ತೆ."

ಜಟ್ಟೆಪ್ಪನಿಗೆ ನಗು ಬರಲಿಲ್ಲ. ಕೇಳಿದರೆ ಓಬಳಯ್ಯ ನಂದು ಅನ್ನಬೇಕು. ಅನ್ನುವಾಗ ತಲೆ ತಗ್ಗಿಸಬೇಕು. ಆ ತಲೆ ತಗ್ಗಿದ್ದನ್ನು ಜಟ್ಟೆಪ್ಪ ಈವರೆಗೆ ನೋಡಿರಲಿಲ್ಲ. ಅದನ್ನು ನೋಡುವುದಕ್ಕಿಂತ ಕಣ್ಣಿಗೆ ಸುಣ್ಣ ಹಾಕಿಕೊಳ್ಳುವುದೇ ಮೇಲು ಅನ್ನಿಸಿತು ಅವನಿಗೆ. ಅನ್ನಿಸಿದ್ದಕ್ಕೆ ಪ್ರೀತಿ ಅಂತ ಹೆಸರಿಟ್ಟುಕೊಂಡ. ಆದರೂ ಸಂಕವ್ವನ ಬಾಯಿಗೆ ಹೆದರಿ ಹೊಳೆಯ ಕಡೆ ಹೊರಟ.

ಓಬಳಯ್ಯ ಅಚ್ಚಿನ ಮೇಲಿದ್ದವನು ಗೆಳೆಯನನ್ನು ಕಂಡು ಸರಸರ ಇಳಿದು ಬಂದ. "ಏನಲೇ ಸುಣ್ಣದ ಗೂಬೆ, ಹಗಲಲ್ಲೇ ಹಾರಿಕೊಂಡು ಬಂದಿದೀಯ?"

"ಸುಣ್ಣ ಸಾಕಾಯ್ತಾ ಅಂತ ಕೇಳೋಣ ಅಂತ."

"ಸಾಕಾಯ್ತು." ಓಬಳಯ್ಯ ಕೈಯ ಗಾರೆಯನ್ನು ಪಂಚೆಗೆ ಒರೆಸಿಕೊಂಡ. ಮತ್ತೆ ಒರೆಸಿಕೊಂಡ. "ಬೇರೇನೂ ಕೇಳೋದಿಲ್ವಾ?"

"ಬೇರೇನು?"

"ಮನೇಲಿ ಎಲ್ಲಾ ಸರಿಯಾಗಿದೆಯಾ?"

"ಎಲ್ಲಾ ಸರಿಯಾಗಿದೆ."

"ಕಣ್ಣು ಕೆಂಪಗಿದೆಯಲ್ಲೋ."

"ಸುಣ್ಣದ ಧೂಳು."

ಓಬಳಯ್ಯ ಗೆಳೆಯನ ಮುಖವನ್ನೇ ನೋಡುತ್ತಿದ್ದ. ಕೇಳದೆ ತಾನಾಗಿ ಹೇಳುವಷ್ಟು ಗಟ್ಟಿ ಮನುಷ್ಯರು ರೋಮಜ್ಜನ ಊರಿನಲ್ಲೂ ಇದ್ದಿರಲಿಕ್ಕಿಲ್ಲ. ಅದಕ್ಕೇ ಪ್ರಶ್ನೆಯನ್ನು ಗೆಳೆಯನ ಬಾಯಲ್ಲಿ ಇಟ್ಟದ್ದು. "ಜಟ್ಟಿ," ಅಂದ ಓಬಳಯ್ಯ, ಮೆತ್ತಗೆ, "ಕೇಳೋದಿದ್ರೆ ಕೇಳಿಬಿಡೋ."

ಆ ದನಿಯಲ್ಲಿ ಏನಿತ್ತು ಅನ್ನುವುದು ಜಟ್ಟೆಪ್ಪನಿಗೆ ಆ ಕ್ಷಣವೇ ಗೊತ್ತಾಯಿತು. ಗೊತ್ತಾದದ್ದಕ್ಕೇ ಹೆದರಿ, ಗೆಳೆಯನ ಬೆನ್ನಿನ ಮೇಲೆ ಧೂಳು ಏಳುವಂತೆ ಒಂದು ಗುದ್ದು ಕೊಟ್ಟ. "ನಿನ್ನ ಕೈಕೆಲಸವನ್ನ ಕೇಳಿ ನೋಡಬೇಕೇನೋ? ಸೂರ್ಯ ಬಿದ್ದು ಹೋದ್ರೂ ಈ ಕಮಾನು ಬೀಳಲ್ಲ. ರೋಮಜ್ಜ ಎದ್ದು ಬಂದ್ರೆ ನಿನ್ನ ಹತ್ರ ಕೂಲಿಗೆ ಸೇರ್ತಾನೆ!"

ಓಬಳಯ್ಯ ತಲೆ ಎತ್ತಿ ಕಮಾನಿನ ನೆತ್ತಿ ನೋಡಿದ. ನಕ್ಕ. ಆ ಹೊಗಳಿಕೆ ಅವನ ಬಾಯಿಗೆ ಗಾರೆ ಮೆತ್ತಿದಂತಾಗಿತ್ತು.

ಮನೆಗೆ ಬರುವ ದಾರಿಯಲ್ಲಿ ಜಟ್ಟೆಪ್ಪನಿಗೆ ಒಂದು ಉಪಾಯ ಹೊಳೆಯಿತು. ಅಂಥ ಉಪಾಯ ನಮ್ಮೂರ ಇತಿಹಾಸದಲ್ಲಿ ಯಾರಿಗೂ ಹೊಳೆದದ್ದಿಲ್ಲ, ಹೊಳೆಯದಿದ್ದದ್ದೇ ನಮ್ಮ ಪುಣ್ಯ. ದೀಪಕ್ಕೆ ಬೇಕಾದದ್ದು ಒಂದು ಪ್ರಶ್ನೆ, ಒಂದು ಉತ್ತರ. ಓಬಳಯ್ಯನ ಬದಲು ತಾನೇ ಅಂದುಬಿಟ್ಟರೆ? ಹಲ್ಲು ಕೀಳಿಸಿಕೊಂಡವನಿಗೆ ಇದೇನು ಹೆಚ್ಚು? ಸಂಕವ್ವನನ್ನು ಬಟ್ಟೆ ಒಗೆಯಲು ಹೊಳೆಗೆ ಕಳಿಸಿ, ಅಗುಳಿ ಹಾಕಿ, ಮಡಕೆ ತೆಗೆದು ದೀಪದ ಮುಂದೆ ಮೊಣಕಾಲೂರಿ ಕೂತ. ನಡುಹಗಲು. ಗಂಟಲು ಸರಿಮಾಡಿಕೊಂಡು "ಯಾರದು?" ಅಂತ ತನ್ನನ್ನೇ ಕೇಳಿಕೊಂಡ. "ನಂದು" ಅಂದ.

ದೀಪ ನಂದಿತು.

ಒಂದು ಎಳೆ ಹೊಗೆ ಎದ್ದು ಸೂರಿಗೆ ಹೋಯಿತು. ಜಟ್ಟೆಪ್ಪ ಆ ಬಿಸಿಲಿನಲ್ಲಿ ಮನೆಯೊಳಗೆ ಕುಣಿದ. ಗೆಳೆಯನ ತಪ್ಪು ಯಾವುದು ಅಂತ ಕೂಡ ತಿಳಿಯದೆ ಅದನ್ನು ಹೆಗಲಿಗೆ ಹಾಕಿಕೊಂಡವನು ಈ ಲೋಕದಲ್ಲಿ ತಾನೊಬ್ಬನೇ ಅಂತ ಅವನಿಗೆ ಎದೆ ಉಬ್ಬಿ, ಅಂಗಿಯ ಗುಂಡಿ ಕಿತ್ತು ಗೋಡೆಗೆ ಬಡಿಯಿತು. ಸಂಕವ್ವ ಒದ್ದೆ ಬಟ್ಟೆಯ ಜೊತೆ ಬಂದವಳು ಗೂಡು ನೋಡಿ ನಿಂತಳು.

"ಕೇಳಿದ್ರಾ?"

"ಕೇಳಿದೆ. ಅಂದಾಯ್ತು. ಆರಿತು."

"ಏನಂತೆ ತಪ್ಪು?"

"ಸಣ್ಣದು."

"ಎಷ್ಟು ಸಣ್ಣದು?"

"ಸಾಸಿವೆಯಷ್ಟು. ಒಗ್ಗರಣೆಗೆ ಹಾಕು, ಹೋಗು."

ಮಾರನೆಯ ದಿನ ಹೊತ್ತು ಇಳಿಯುವ ಮೊದಲೇ ಓಬಳಯ್ಯ ಬುಟ್ಟಿ ತುಂಬ ಸೌತೆಕಾಯಿ ಹೊತ್ತು ಬಂದ. ಬಾಗಿಲಲ್ಲಿ ಬುಟ್ಟಿ ಇಳಿಸದೆ ನಿಂತು, ಮೊದಲು ನೋಡಿದ್ದು ಗೂಡನ್ನು. ಗೂಡು ಕತ್ತಲಾಗಿತ್ತು. ದೀಪ ತಣ್ಣಗೆ ಕೂತಿತ್ತು.

"ಆರಿದೆಯಲ್ಲೋ!" ಅಂದ.

"ಹಗಲೊತ್ತು ಆರದೆ ಏನು ಮಾಡುತ್ತೆ?"

"ಯಾವಾಗ ಆರಿತು?"

"ದಿನಾ ಯಾವಾಗ ಆರುತ್ತೋ ಆವಾಗ."

ಓಬಳಯ್ಯ ಬುಟ್ಟಿಯನ್ನು ನೆಲಕ್ಕಿಟ್ಟು, ಅದರ ಪಕ್ಕದಲ್ಲೇ ತಾನೂ ಕೂತುಬಿಟ್ಟ. ಅವನ ಭುಜಗಳು ಒಂದು ಗೇಣು ಕೆಳಗಿಳಿದವು. ಸಂಕವ್ವ ಕೊಟ್ಟ ಮಜ್ಜಿಗೆಯನ್ನು ಒಂದೇ ಗುಟುಕಿಗೆ ಕುಡಿದು, ಇನ್ನೊಂದು ಚೊಂಬು ಕೇಳಿದ. "ಹಂಗಾದ್ರೆ ಅದು ತಪ್ಪಲ್ಲ, ನಾನೇ ಸುಮ್ಮನೆ…" ಅಂತ ತನಗೆ ತಾನೇ ಅಂದುಕೊಂಡದ್ದು ಜಟ್ಟೆಪ್ಪನಿಗೆ ಕೇಳಿಸಿತು. ತಾನು ಕೊಟ್ಟ ನೆಮ್ಮದಿಯನ್ನು ಗೆಳೆಯ ಕುಡಿಯುತ್ತಿದ್ದಾನೆ ಅಂತ ಜಟ್ಟೆಪ್ಪ ಹಿಗ್ಗಿದ. ಎದ್ದು ಹೊರಟ ಓಬಳಯ್ಯ ಮತ್ತೆ ಹೊಸಿಲ ಬಳಿ ತಡೆದ.

"ಜಟ್ಟಿ, ನಾನೂ ನಿನ್ನನ್ನ ಏನೋ ಕೇಳಬೇಕು ಅಂತ ಬಂದಿದ್ದೆ ಕಣೋ."

"ಕೇಳು."

ಓಬಳಯ್ಯ ಅವನ ನಗುಮುಖ ನೋಡಿದ. "ಇರಲಿ ಬಿಡು. ಅಚ್ಚು ಕಳಚಿದ ಮೇಲೆ ಕೇಳ್ತೀನಿ."

ಅಚ್ಚು ಕಳಚುವ ದಿನ ಹೊಳೆದಂಡೆಯ ಮರಗಳ ಮೇಲೆ ಎಲೆಗಿಂತ ಜನವೇ ಹೆಚ್ಚಿದ್ದರು. ಬೆಟ್ಟಗಳು ಕೂಡ ಒಂದೆರಡು ಮಾರು ಹತ್ತಿರ ಸರಿದು ಬಂದಿದ್ದವು ಅಂತ ನನಗೆ ನೆನಪು. ದ್ಯಾಮವ್ವ ಕತ್ತನ್ನು ಆ ದಡದವರೆಗೆ ಚಾಚಿದ್ದಳು. ಓಬಳಯ್ಯ ಮಡಿ ಪಂಚೆ ಉಟ್ಟು, ಒಣಗಿದ ಮರಳಿನ ಮೇಲೆ ಕಮಾನಿನ ನಡುವಿಗೆ ಹೋಗಿ ಸೊಂಟದ ಮೇಲೆ ಕೈ ಇಟ್ಟು ನಿಂತ. ಬಡಗಿಗಳು ಬೆಣೆಗಳನ್ನು ಹೊಡೆದು ತೆಗೆದರು. ಅಚ್ಚು ಕಿರುಗುಟ್ಟಿ, ಜಾರಿ, ಪಕ್ಕಕ್ಕೆ ಒರಗಿತು. ಕಮಾನು ನಿಂತಿತು. ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವನು ಜಟ್ಟೆಪ್ಪ. ಓಬಳಯ್ಯ ಆ ಕೂಗು ಬಂದ ಕಡೆ ತಿರುಗಿ, ಗುರುತು ಹಿಡಿದು, ಕೈ ಎತ್ತಿದ.

ಇಲ್ಲಿಗೆ ಸೇರಿಸಲು ನನ್ನ ಹತ್ತಿರ ಏನೂ ಇಲ್ಲ. ಕಮಾನು ಬಿತ್ತು. ಓಬಳಯ್ಯ ಅದರ ಕೆಳಗಿದ್ದ.

ಕಲ್ಲುಗಳನ್ನು ಸರಿಸಿದಾಗ ಬೀಗದ ಕಲ್ಲು ಎರಡು ಹೋಳಾಗಿ ಸಿಕ್ಕಿತು. ಒಳಗೆ ಹಳೆಯ ಬಿರುಕು, ಬಿರುಕಿನ ತುಂಬ ಬೆಲ್ಲ ಬೆರೆಸಿದ ಗಾರೆ, ಮೇಲೆ ನಯವಾಗಿ ಉಜ್ಜಿದ ಗುರುತು. ಏರಿಸುವಾಗ ಅದು ಒಡೆದಿತ್ತು. ಇನ್ನೊಂದು ಕಲ್ಲು ಕಡಿಸಿ ತರುವಷ್ಟರಲ್ಲಿ ಮಳೆಗಾಲದ ಹೊಳೆ ಬಂದು ಅಚ್ಚನ್ನೇ ಒಯ್ಯುತ್ತಿತ್ತು. ಮೆತ್ತಿದರೆ ನಿಲ್ಲಬಹುದು ಅಂತ ಓಬಳಯ್ಯ ಮೆತ್ತಿದ. ನಿಲ್ಲಲಾರದು ಅಂತಲೂ ಅವನಿಗೆ ಗೊತ್ತಿತ್ತು, ಗೊತ್ತಿಲ್ಲದಿದ್ದರೆ ದೀಪ ಉರಿಯುತ್ತಿರಲಿಲ್ಲ.

ಜಟ್ಟೆಪ್ಪ ಊರ ಕಟ್ಟೆಯ ಮುಂದೆ ನಿಂತು ತಾನು ಮಾಡಿದ್ದನ್ನೆಲ್ಲ ಹೇಳಿದ. ಹಿರಿಯರಿಗೆ ಏನು ಹೇಳಬೇಕೋ ತಿಳಿಯಲಿಲ್ಲ, ತಿಳಿಯದಾಗ ಮಾಡುವುದನ್ನು ಮಾಡಿದರು, ವ್ಯಾಕರಣಕ್ಕೆ ಇಳಿದರು. ಪಾಠಶಾಲೆಯ ಗದ್ದಿಗಯ್ಯ ಮೇಷ್ಟ್ರು, "ದೀಪಕ್ಕೇನು ಗೊತ್ತು? ನಂದು ಅಂತ ಅಪ್ಪಣೆ ಮಾಡಿದ, ನಂದಿತು. ಮಲಗು ಅಂದ್ರೆ ಮಲಗೋ ನಾಯಿ ಹಾಗೆ" ಅಂದರು. ಇನ್ನೊಬ್ಬರು, "ಇಲ್ಲ ಇಲ್ಲ, ನಂದು ಅಂದ್ರೆ ನನ್ನದು. ತನ್ನದು ಅಂತ ಒಪ್ಪಿಕೊಂಡ, ಅಲ್ಲಿಂದ ತಪ್ಪು ಅವನದೇ ಆಯ್ತು" ಅಂದರು. ಅರೆಬರೆ ಕನ್ನಡದ ರೋಮಜ್ಜನಿಗೇ ಈ ಎರಡರ ವ್ಯತ್ಯಾಸ ಗೊತ್ತಿತ್ತೋ ಇಲ್ಲವೋ ಅಂತ ಮೂರನೆಯವರು ತಗಾದೆ ತೆಗೆದರು.

"ನನಗೆ ಶಿಕ್ಷೆ ಕೊಡಿ" ಅಂದ ಜಟ್ಟೆಪ್ಪ. "ಆ ತಪ್ಪು ನಂದು."

"ಯಾವುದಪ್ಪಾ?" ಅಂದರು ಮೇಷ್ಟ್ರು, ಸಿಟ್ಟಿಲ್ಲದೆ. "ಒಡೆದ ಕಲ್ಲನ್ನ ಮೆತ್ತಿದ್ದು ಅವನದು. ಅದನ್ನ ನೀನು ತಗೊಳ್ಳೋಕೆ ಬರಲ್ಲ. ನಿಂದು ಬೇರೆ ಇದೆ. ಅದಕ್ಕೆ ಶಿಕ್ಷೆ ನಮ್ಮ ಹತ್ರ ಇಲ್ಲ. ಮನೆಗೆ ಹೋಗು."

ತಿಥಿ ಕಳೆದ ಮೇಲೆ ಓಬಳಯ್ಯನ ಹೆಂಡತಿ ಚೌಡವ್ವ ಜಟ್ಟೆಪ್ಪನನ್ನು ಕರೆಸಿದಳು. ಅವನು ಹೋದಾಗ ಅವಳು ಮೊರದಲ್ಲಿ ಅಕ್ಕಿ ಹಾಕಿಕೊಂಡು ಕೂತಿದ್ದಳು. ಏಳದೆ, ಗೂಡಿನ ಕಡೆ ಗಲ್ಲ ತೋರಿಸಿದಳು. ಗೂಡಿನಲ್ಲಿ ಒಂದು ಬುಟ್ಟಿ ಕವುಚಿತ್ತು. ಬಿದಿರಿನ ಒಂದೊಂದು ಸಂದಿಯಿಂದಲೂ ಬೆಳಕು ಬಂದು ಗೋಡೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಬಿದ್ದಿತ್ತು.

"ಅದು ನಿಮ್ಮದು" ಅಂದಳು.

ಜಟ್ಟೆಪ್ಪ ಗೂಡಿನ ಹತ್ತಿರ ಹೋದ. "ಯಾವಾಗಿಂದ?"

"ಕಮಾನಿನ ಹತ್ರ ನೀವು ಅವರನ್ನ ನೋಡಿ ಹೋದ್ರಲ್ಲ, ಅವತ್ತಿಂದ. ನಡುಹಗಲಲ್ಲಿ ತಾನಾಗೇ ಹೊತ್ತಿಕೊಳ್ತು."

"ಓಬಳಯ್ಯ ನೋಡಿದನಾ?"

"ನೋಡದೆ ಏನು? ಎರಡೂ ಮಾತಾಡಿ ಬರ್ತೀನಿ, ನಂದನ್ನೂ ಹೇಳ್ತೀನಿ, ಅವನದನ್ನೂ ಕೇಳ್ತೀನಿ ಅಂತಲೇ ಮಾರನೆ ದಿನ ಸೌತೆಕಾಯಿ ಹೊತ್ತು ನಿಮ್ಮ ಮನೆಗೆ ಹೊರಟಿದ್ದು." ಅವಳು ಅಕ್ಕಿಯಿಂದ ಒಂದು ಕಲ್ಲು ಆರಿಸಿ ಹೊರಗೆ ಎಸೆದಳು. "ನಗ್ತಾ ವಾಪಸು ಬಂದ್ರು. ‘ಕೇಳಿದ್ರಾ’ ಅಂದೆ. ಅವನು ನನ್ನನ್ನ ಏನೂ ಕೇಳಲಿಲ್ಲ ಕಣೇ, ನಾನ್ಯಾಕೆ ಅವನನ್ನ ಕೇಳಿ ನೋಯಿಸಲಿ ಅಂದ್ರು. ವಾಪಸು ತಂದಿದ್ದ ಖಾಲಿ ಬುಟ್ಟೀನೇ ಅದರ ಮೇಲೆ ಮುಚ್ಚಿದ್ರು."

ಜಟ್ಟೆಪ್ಪ ಬುಟ್ಟಿ ಎತ್ತಿದ. ತನ್ನ ದೀಪವನ್ನು ಅವನು ಹತ್ತಿರದಿಂದ ನೋಡಿ ಎಷ್ಟೋ ವರ್ಷಗಳಾಗಿದ್ದವು. "ನಂದು" ಅಂದ. ಅಪ್ಪಣೆಯ ಹಾಗೆ ಅಂದ, ಒಪ್ಪಿಗೆಯ ಹಾಗೆ ಅಂದ, ಅಳುತ್ತಲೂ ಅಂದ. ಕುಡಿ ಬಾಗಲೂ ಇಲ್ಲ. ಚೌಡವ್ವ ಮೊರ ಕೆಳಗಿಟ್ಟು ಎದ್ದು ಬಂದು, "ಯಾರದು?" ಅಂತ ಕೇಳಿದಳು. ಅವಳು ಕೇಳಿದರೆ ನಡೆಯುವುದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. "ನಂದು" ಅಂದ ಜಟ್ಟೆಪ್ಪ. ಇಬ್ಬರೂ ಕಾದು ನೋಡಿದರು.

ಅವನು ಬುಟ್ಟಿಯನ್ನು ಮತ್ತೆ ಮುಚ್ಚಲು ಹೋದಾಗ ಅವಳು ಕಿತ್ತುಕೊಂಡಳು. "ಬುಟ್ಟಿ ನನಗೆ ಬೇಕು. ನಿಮ್ಮಿಬ್ಬರ ಮುಚ್ಚಾಟಕ್ಕೆ ನಾನು ಎಷ್ಟು ಪಾತ್ರೆ ಒದಗಿಸಲಿ? ದೀಪ ತಗೊಂಡು ಹೋಗಿ ಜಗಲಿ ಮೇಲಿಡಿ. ಹೋಗೋರು ಬರೋರು ನೋಡಲಿ."

ಈಗಲೂ ನಮ್ಮೂರಿಗೆ ಬಂದರೆ ನೋಡಬಹುದು. ಭಟ್ಟಿಯ ಕೆಲಸ ಮುಗಿಸಿ, ಮೈಮೇಲಿನ ಸುಣ್ಣ ಕೂಡ ಕೊಡವದೆ, ಓಬಳಯ್ಯನ ಮನೆಯ ಜಗಲಿಯ ಮೇಲೆ ಜಟ್ಟೆಪ್ಪ ಬಂದು ಕೂರುತ್ತಾನೆ. ಪಕ್ಕದಲ್ಲಿ ಸುಡುಬಿಸಿಲಿನಲ್ಲಿ ದೀಪ. ಊರವರು ಈಗ ಏನೂ ಅನ್ನುವುದಿಲ್ಲ, ದ್ಯಾಮವ್ವ ಕೂಡ ಅಲ್ಲಿ ಕತ್ತನ್ನು ಒಳಗೆಳೆದುಕೊಂಡು ಹಾದುಹೋಗುತ್ತಾಳೆ. ಹೊಸಬರು ಯಾರಾದರೂ ನಿಂತು, "ಇದೇನು ಸ್ವಾಮಿ, ಹಗಲೊತ್ತು ದೀಪ? ಯಾರದು?" ಅಂತ ಕೇಳುತ್ತಾರೆ. ಜಟ್ಟೆಪ್ಪ ಅವರ ಮುಖ ನೋಡಿ "ನಂದು" ಅನ್ನುತ್ತಾನೆ. ಕೇಳಿದವರು ತಮ್ಮ ದಾರಿ ಹಿಡಿದು ಬೀದಿಯ ತಿರುವು ದಾಟುವವರೆಗೂ ಅವನು ದೀಪದ ಕಡೆ ತಿರುಗುವುದಿಲ್ಲ. ಅವರು ಮರೆಯಾದ ಮೇಲೆ, ಮೆಲ್ಲಗೆ, ತಿರುಗಿ ನೋಡುತ್ತಾನೆ.